ನೀನು ಮುಟ್ಟದೆ ಬಿಟ್ಟ ವೈರಿಂಗು

ಅಪ್ಪ,

ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ನಾವಿಬ್ಬರೂ ಕಟ್ಟಿದ ಆ ಪುಟ್ಟ ಸ್ಪೋರ್ಟ್ಸ್ ಕಾರು ಇವತ್ತು ಸರಿಯಾಯಿತು. ಎಂಜಿನ್ ಬಿಸಿಯಾದೊಡನೆ ನಿಂತುಬಿಡುವ ಹಳೇ ಕಾಯಿಲೆ ವಾಸಿಯಾಯಿತು. ನೀನು ಇದನ್ನು ಓದುವುದಿಲ್ಲ, ಹಾಗಾಗಿ ಬರೆಯುವುದು ಸುಲಭ.

ಆರು ವರ್ಷದ ಹಿಂದೆ, ಚಿಕ್ಕಪ್ಪನನ್ನು ಕೂರಿಸಿಕೊಂಡು ಹೊರಟ ಕಾರು ನಡುರಸ್ತೆಯಲ್ಲಿ ನಿಂತಾಗ ನೀನು, "ಇವಳು ಮಾಡಿದ ವೈರಿಂಗು, ಇನ್ನೇನಾಗತ್ತೆ" ಅಂದೆ. ಚಿಕ್ಕಪ್ಪ ನಕ್ಕರು. ಅವತ್ತಿನಿಂದ ನಾನು ನಿನ್ನ ಶೆಡ್ಡಿಗೆ ಕಾಲಿಡಲಿಲ್ಲ. ನೀನೂ ಕರೆಯಲಿಲ್ಲ.

ನೀನು ತೀರಿಹೋಗಿ ಮೂರು ತಿಂಗಳ ಮೇಲೆ, ಇವತ್ತು ಬಾನೆಟ್ ಎತ್ತಿದೆ. ಪಂಪು, ಕಾಯಿಲು, ಪ್ಲಗ್ಗು ಎಲ್ಲವೂ ನೀನು ಬದಲಿಸಿದ ಹೊಸವು. ವೈರಿಂಗ್ ಮಾತ್ರ ನಾನು ಸುತ್ತಿದ ಟೇಪಿನಲ್ಲೇ ಇತ್ತು.

"ಅದನ್ನ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ," ಎಂದಳು ಅಮ್ಮ. "ಅವಳೇ ಬಂದು ನೋಡ್ಲಿ ಅಂತಿದ್ರು."

ನೋಡಿದೆ. ಕಾರಿನ ಚೌಕಟ್ಟಿನ ಬಣ್ಣ ಕೆರೆಯದೆ, ಅದರ ಮೇಲೇ ಅರ್ಥ್ ವೈರಿನ ಬೋಲ್ಟ್ ಬಿಗಿದಿದ್ದೆ. ಬಣ್ಣದ ಮೂಲಕ ಕರೆಂಟು ಸರಿಯಾಗಿ ಹರಿಯದು; ಎಂಜಿನ್ ಕಾದಾಗ ಸಂಪರ್ಕ ತಪ್ಪುತ್ತಿತ್ತು. ಬಣ್ಣ ಉಜ್ಜಿ ತೆಗೆದು, ಮತ್ತೆ ಬಿಗಿದು, ಊರಾಚೆಯವರೆಗೂ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.

ಹತ್ತು ನಿಮಿಷದ ಕೆಲಸ, ಅಪ್ಪ. ನಿನ್ನ ಹಟ ಬಿಟ್ಟು ನೀನೇ ಬಿಚ್ಚಿ ನೋಡಬಾರದಿತ್ತೇ?

ವಾಪಸ್ ಬಂದಾಗ ಅಮ್ಮ ಗೇಟಿನಲ್ಲೇ ನಿಂತಿದ್ದಳು.

"ತಪ್ಪು ಯಾರದಿತ್ತು?"

"ಅಪ್ಪಂದು," ಅಂದೆ. "ಬಣ್ಣ ಹೊಡೆದಿದ್ದು ಅಪ್ಪನೇ ತಾನೆ."

"ಹಾಗಾದ್ರೆ ಅವತ್ತು ನಿನ್ನ ಸುಮ್ಮಸುಮ್ಮನೆ ಅಂದ್ರು, ಪಾಪ," ಎಂದು ನನ್ನ ತಲೆ ಸವರಿದಳು.

ನಾನು ಹೌದು ಅಂದೆ.