ಲೆನ್ಸಿನ ನಾಲ್ಕನೆಯ ಮೈ

ಯತಿನಣ್ಣಾ,

ನಿನ್ನ ಲೆನ್ಸಿನ ಪೇಟೆಂಟ್ ವಿಚಾರಣೆ ಇವತ್ತೇ ಬಂತು. ನೀನು ತೀರಿಹೋದ ಮೇಲೆ ನಿನಗೆಂದು ಎಲೆ ಹಾಕಿ ಬಡಿಸುವ ಮೊದಲ ದಿನವೂ ಇವತ್ತೇ. ನಿನ್ನ ಕೆಲಸದ ಕೋಣೆಯಲ್ಲಿ ಗರಿಗರಿ ಕೋರಿರೊಟ್ಟಿ, ಕೋಳಿಸಾರು ಬಡಿಸಿ ಅಮ್ಮ ಬಾಗಿಲು ಎಳೆದುಕೊಂಡಿದ್ದರು. ಐವರ್ನಾಡಿನ ಈ ಮನೆಯಲ್ಲಿ ಇಂಟರ್ನೆಟ್ ಸಿಗುವುದು ಅಲ್ಲಿ ಮಾತ್ರ.

"ಎಂತ ಮಾಡುದು, ಹೋಗು. ಆದ್ರೆ ತಟ್ಟಿಯೇ ತೆಗಿ. ತಟ್ಟಿ ತೆಗೆದ್ರೆ ಅವ ಎದ್ದು ಹೋಗುದು," ಎಂದರು ಅಮ್ಮ.

ಗಡಿಬಿಡಿಯಲ್ಲಿ ತಟ್ಟದೆ ನುಗ್ಗಿದೆ. ಒಳಗಿನಿಂದ ಚಿಲಕ ಹಾಕಿ, ಎಲೆಗೆ ಬೆನ್ನು ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತೆ.

ಪರದೆಯಲ್ಲಿದ್ದ ಪೇಟೆಂಟ್ ಪರೀಕ್ಷಕರ ಪ್ರಶ್ನೆ ಒಂದೇ: ಹಳೆಯ ಲೆನ್ಸುಗಳ ಒಳಗೆ ಬೆಳಕನ್ನು ಪ್ರತಿಫಲಿಸುವ ಮೈಗಳು ಮೂರು, ಇದರಲ್ಲಿ ನಾಲ್ಕು, ಆ ನಾಲ್ಕನೆಯದರಿಂದ ಹೊಸದೇನು? ಉತ್ತರವಿಲ್ಲದಿದ್ದರೆ ಅರ್ಜಿ ತಿರಸ್ಕಾರ. ನನಗೆ ಗೊತ್ತಿರಲಿಲ್ಲ. "ಒಮ್ಮೆ ಇದರೊಳಗೆ ನೋಡು ಮಾರಾಯ್ತಿ" ಎಂದು ನೀನು ಕರೆದಾಗಲೆಲ್ಲ ನಿನ್ನ ತಂಗಿಗೆ ಬೇರೆ ಕೆಲಸವಿರುತ್ತಿತ್ತು.

ಲೆನ್ಸನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ನಿಮ್ಮ ಹಿಂದೆ ಊಟಕ್ಕೆ ಕೂತವರು ಯಾರು?" ಎಂದರು ಪರೀಕ್ಷಕರು.

ಲೆನ್ಸ್ ಕೈಯಿಂದ ಜಾರಿತು.

"ಈಗ ಕಾಣುತ್ತಿಲ್ಲ. ಮತ್ತೆ ಹಿಡಿಯಿರಿ."

ಹಿಡಿದೆ.

"ಹಾಂ, ಇದ್ದಾರೆ. ವ್ಯತ್ಯಾಸ ಸ್ಪಷ್ಟವಾಗಿದೆ. ದಾಖಲಿಸಿಕೊಂಡೆ," ಎಂದು ವಿಚಾರಣೆ ಮುಗಿಸಿದರು.

ನಾನು ತಿರುಗಿ ನೋಡಲಿಲ್ಲ. ಇದನ್ನು ಬರೆಯುವಾಗಲೂ ನೋಡಿಲ್ಲ. ಬೆನ್ನ ಹಿಂದೆ ರೊಟ್ಟಿ ಮುರಿಯುವ ಸದ್ದು ಕೇಳುತ್ತಲೇ ಇದೆ.

ಹೊರಗೆ ಅಮ್ಮ ಬಾಗಿಲು ತಟ್ಟತೊಡಗಿದ್ದಾರೆ.

ನೀನು ನಿಧಾನಕ್ಕೆ ಉಣ್ಣು ಅಣ್ಣಾ. ಚಿಲಕ ನಾನು ತೆಗೆಯುವುದಿಲ್ಲ.