ಅಣ್ಣನ ಎಡಗೈ

ಜೂನ್ 9, ಸೋಮವಾರ

ಇವತ್ತೂ ಕಾಂಕ್ರೀಟ್ ಲಾರಿ ತಡ. ಸೆಂಟ್ರಿಂಗ್ ಹಲಗೆ ಬಡಿದು ಬಡಿದು ಮೈ ಹಣ್ಣಾಗಿತ್ತು. ಪೆನ್‌ರಿತ್‌ನಲ್ಲಿ ಜೂನ್ ಅಂದರೆ ಚಳಿಗಾಲ ಬೇರೆ. ಹಲಗೆ ಮೇಲೇ ಕೂತು ಮಾಂಸದ ಪೈ ತಿನ್ನುತ್ತಿದ್ದೆ, ಫೋನ್ ಬಂತು. ಡಾಯ್ಲ್ ಅಂತೆ. ಆಸ್ಟ್ರೇಲಿಯಾ ರಗ್ಬಿ ತಂಡದ ಸ್ಕ್ರಮ್ ಕೋಚ್ — ಎಂಟೆಂಟು ಜನ ಬಗ್ಗಿ, ತಲೆಗೆ ತಲೆ ಕೊಟ್ಟು ತಳ್ಳೋದನ್ನ ಕಲಿಸೋನು. ಕ್ಲಬ್‌ನ ತರಲೆಗಳು ಯಾರೋ ಆಟ ಆಡಿಸ್ತಿದ್ದಾರೆ ಅಂದುಕೊಂಡು ಚೆನ್ನಾಗಿ ಬೈದೆ. ಆ ಕಡೆಯವನು ಪೂರ್ತಿ ಬೈಸಿಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ — ತಂಡದ ಹ್ಯಾರಿಂಗ್ಟನ್‌ನ ಮಂಡಿ ಹೋಯ್ತು. ಅವನ ಹಿಂದಿದ್ದವನ ತೊಡೆ ಹರಿದಿದೆ. ಒಳ್ಳೆಯವರಿಬ್ಬರು ಫ್ರಾನ್ಸ್‌ನಲ್ಲಿದ್ದಾರೆ, ಹೊರದೇಶದ ಕ್ಲಬ್ ಸೇರಿದವರನ್ನ ಕರೆಯೋಕೆ ನಿಯಮ ಬಿಡಲ್ಲ. ಬಲಗಡೆ ಪ್ರಾಪ್, ಅಂದರೆ ಸ್ಕ್ರಮ್ ಮುಂಸಾಲಿನ ಬಲತುದಿಯವನು, ಅಂತ ಉಳಿದಿರೋದು ಮ್ಯಾಡರ್ನ್ ಒಬ್ಬನೇ. ಅವನಿಗೆ ಬದಲಿಯಾಗಿ ಬೆಂಚ್ ಮೇಲೆ ನಾನು.

"ನಿನ್ನ ಹಿಂದೆ ಯಾರೂ ಇಲ್ಲಪ್ಪ, ಕಿಟಿಯೋನೆ. ಹತ್ತೊಂಬತ್ತರ ಹುಡುಗ ಒಬ್ಬ ಇದಾನೆ. ಅವನನ್ನ ಆ ಜಾಗಕ್ಕೆ ಇಳಿಸಿದ್ರೆ ನನ್ನ ಮೇಲೆ ಕೊಲೆ ಕೇಸ್ ಹಾಕ್ತಾರೆ."

ನನಗೆ ಇಪ್ಪತ್ತೇಳು. ಇಷ್ಟು ವರ್ಷ ಒಂದು ನಾಯೀನೂ ಮೂಸಿ ನೋಡಿರಲಿಲ್ಲ. ಹೂಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹೊಳೀತು. ಆಟ ಟೊಂಗಾ ಮೇಲೆ. ಟೊಂಗಾದ ಎಡಗಡೆ ಪ್ರಾಪ್ ನನ್ನ ಸ್ವಂತ ಅಣ್ಣ ಹಲೋಟಿ. ಸ್ಕ್ರಮ್‌ಗೆ ಇಳಿದರೆ ನನ್ನ ಕೆನ್ನೆಗೆ ತಾಗೋ ಕೆನ್ನೆ ಅವನದೇ. ಉಳಿದ ಪೈ ಹಲಗೆ ಮೇಲೇ ಬಿಟ್ಟು ಎದ್ದೆ.

ಜೂನ್ 10, ಮಂಗಳವಾರ

ಲುಪೆ ಅತ್ತೆಗೆ ಹೇಳಲೇಬೇಕಿತ್ತು. ಅಪ್ಪನ ಅಕ್ಕ. ಅಪ್ಪ ಬದುಕಿದ್ದಾಗಲೂ ಅವರೆದುರು ದನಿ ಎತ್ತಿದವರಲ್ಲ. ನಾವೆಷ್ಟರವರು.

ಅತ್ತೆಯ ಲೆಕ್ಕವೇ ಬೇರೆ ಇತ್ತು. ಬರೋ ವರ್ಷ ನಾನೂ ಟೊಂಗಾಕ್ಕೆ ಸೇರೋದು. ಎಡಕ್ಕೆ ಅಣ್ಣ, ಬಲಕ್ಕೆ ನಾನು. ಚರ್ಚ್‌ನಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದಾರೆ. ಈಗ ಆಸ್ಟ್ರೇಲಿಯಾಕ್ಕೆ ಒಂದೇ ನಿಮಿಷ ಇಳಿದರೂ ಸಾಕು, ಮೂರು ವರ್ಷ ಬೇರೆ ದೇಶದ ಕಡೆ ತಿರುಗಿ ನೋಡೋ ಹಾಗಿಲ್ಲ.

"ಹಲೋಟಿಗೆ ಆಗಿದ್ದು ನೋಡಿಲ್ವೇನೋ? ಹನ್ನೆರಡು ನಿಮಿಷ ಆಡಿಸಿದ್ರು. ಆಮೇಲೆ ಕರೀಲೂ ಇಲ್ಲ, ಬಿಡಲೂ ಇಲ್ಲ."

ನಿಜ. ಅಣ್ಣ ಹುಟ್ಟಿದ್ದು ಟೊಂಗಾದ ವವಾವುನಲ್ಲಿ. ಆಸ್ಟ್ರೇಲಿಯಾದ ಹಳದಿ ಅಂಗಿ ಹಾಕಿದ್ದು ಒಂದೇ ಸಲ. ಆಮೇಲೆ ಟೊಂಗಾದ ಕೆಂಪು ಅಂಗಿಗೆ ಮೂರು ವರ್ಷ ಕಾದ. ಕಾಯ್ತಿರೋವಾಗಲೇ ಅಪ್ಪ ಹೋದರು. ಕೆಂಪು ಅಂಗೀಲಿ ಮಗನನ್ನ ನೋಡಲೇ ಇಲ್ಲ. ಆ ಮಾತು ನಮ್ಮ ಮನೇಲಿ ಯಾರೂ ಎತ್ತಲ್ಲ.

ಅತ್ತೆ ಇನ್ನೇನೂ ಬೈಯಲಿಲ್ಲ. ಕೆಸುವಿನ ಎಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದ್ದು ಡಬ್ಬಿಗೆ ಹಾಕಿಕೊಟ್ಟು ಬಾಗಿಲು ಹಾಕಿಕೊಂಡರು. ಬೈದಿದ್ದರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ.

ಜೂನ್ 12, ಗುರುವಾರ

ಅಣ್ಣ ಬಂದಿದ್ದ. ಖುಷಿಯಾಗಿದ್ದ. ಬಾಗಿಲಲ್ಲೇ ನನ್ನ ಹೊಟ್ಟೆಗೆ ಗುದ್ದಿ, "ಏನೋ ಕಿಟಿ, ಆ ಹಳದಿ ಅಂಗಿ ಈ ಹೊಟ್ಟೆಗೆ ಆಗುತ್ತಾ, ಇಲ್ಲ ಎರಡು ಸೇರಿಸಿ ಹೊಲೀತಾರಾ?" ಅಂದ. ಟೀ ಕೊಟ್ಟೆ. ಎಡಗೈಲಿ ತಗೊಂಡ. ಮಾತಾಡ್ತಾ ಮಾತಾಡ್ತಾ ಲೋಟ ಕೈಯಿಂದ ಜಾರಿತು. ಜಾರಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬಿಸಿ ಟೀ ತೊಡೆ ಮೇಲೆ ಬಿದ್ದ ಮೇಲೆ ಕೆಳಗೆ ನೋಡಿದ.

ಅವನ ತೊಡೆ ಮೇಲೆ ತಣ್ಣೀರು ಸುರಿದೆ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದ. ಮೇ ತಿಂಗಳಿಂದ ಹೀಗೆ. ಕತ್ತಿಂದ ಭುಜಕ್ಕೆ ಕರೆಂಟ್ ಹೊಡೆದ ಹಾಗೆ ಆಗುತ್ತೆ. ಆಮೇಲೆ ಹೆಬ್ಬೆರಳು, ಪಕ್ಕದ ಎರಡು ಬೆರಳು ಜೋಮು. ಒಂದೊಂದು ಸಲ ಇಡೀ ಕೈ ಇದೆಯೋ ಇಲ್ಲವೋ ತಿಳಿಯಲ್ಲ. ಡಾಕ್ಟರಿಗೆ ಹೇಳಿಲ್ಲ. ಅತ್ತಿಗೆಗೂ ಹೇಳಿಲ್ಲ.

"ಬಾಯಿ ಬಿಟ್ಟೆ ಅಂದ್ರೆ ನೀನು ನನ್ನ ತಮ್ಮನೇ ಅಲ್ಲ. ಮೂವತ್ತೊಂದಾಯ್ತು ಕಣೋ ನನಗೆ. ಈಗ ಕೂರಿಸಿದ್ರೆ ಮತ್ತೆ ಎಬ್ಬಿಸಲ್ಲ. ಅಪ್ಪಂಗೆ ಕೆಂಪು ಅಂಗಿ ತೋರಿಸೋಕೆ ಆಗಲಿಲ್ಲ, ಅತ್ತೆಗಾದ್ರೂ ತೋರಿಸ್ತೀನಿ."

ನೆಲ ಒರೆಸಿದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯ್ತು. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಜೂನ್ 18, ಬುಧವಾರ. ಶಿಬಿರ.

ಐದು ದಿನ ಬರೆಯಲಿಲ್ಲ. ಮಲಗಿದರೆ ಒಂದೇ ಕನಸು — ಕಿವಿ ಪಕ್ಕ ಕತ್ತು ಲಟಕ್ ಅನ್ನೋ ಸದ್ದು.

ಇಲ್ಲಿ ಊಟ ಚೆನ್ನಾಗಿದೆ. ಹುಡುಗರೂ ಒಳ್ಳೆಯವರೇ. ಮ್ಯಾಡರ್ನ್ ನನಗಿಂತ ಚಿಕ್ಕವನು, ತಾತನ ಹಾಗೆ ನರಳ್ತಾನೆ. ಮೀನಖಂಡ ಸರಿಯಿಲ್ಲ ಅವನದು. ಅವನು ಮೆಟ್ಟಿಲು ಇಳಿಯೋವಾಗೆಲ್ಲ ನಾನು ಉಸಿರು ಹಿಡಿದು ನೋಡ್ತೀನಿ. ಅವನು ಗಟ್ಟಿಯಾಗಿದ್ದರೆ ನಾನು ಇಳಿಯೋದೇ ಬೇಡ. ಅವನು ಆಟದ ಎಂಬತ್ತು ನಿಮಿಷವೂ ಆಡಲಿ ಅಂತ ಅವನ ಹೆಂಡತಿಗಿಂತ ಹೆಚ್ಚಾಗಿ ನಾನು ಪ್ರಾರ್ಥನೆ ಮಾಡ್ತಿದ್ದೀನಿ.

ಡಾಯ್ಲ್‌ನ ಮೆಲ್ಲಗೆ ಕೇಳಿದೆ. ಎದುರಿನವನಿಗೆ ನೋವಾಗದ ಹಾಗೆ ಸ್ವಲ್ಪ ಸಡಿಲ ಬಿಟ್ಟು ತಳ್ಳಬಹುದಾ ಅಂತ. ಅವನ ಮುಖವೇ ಬದಲಾಯ್ತು. ಅರ್ಧ ಮನಸ್ಸಿನಿಂದ ತಳ್ಳಿದವನಿಂದಲೇ ಸ್ಕ್ರಮ್ ಕುಸಿಯೋದು, ಕುಸಿದಾಗಲೇ ಕತ್ತು ಮುರಿಯೋದು, ನೆಟ್ಟಗೆ ಪೂರ್ತಿ ತಳ್ಳಿದರೆ ಇಬ್ಬರೂ ಉಳೀತಾರೆ ಅಂದ. ಅವನ ಜೊತೆ ಆಡಿದವನೊಬ್ಬ ಇವತ್ತಿಗೂ ಗಾಲಿ ಕುರ್ಚಿಯಲ್ಲಿದ್ದಾನಂತೆ.

ಸರಿ, ನಾನೂ ಬಿದ್ದರೆ?

"ನೀನೂ ಬಿದ್ರೆ ಮುಗೀತು. ನಮ್ಮ ಹತ್ರ ಆ ಜಾಗಕ್ಕೆ ಯಾರಿದ್ದಾರೆ? ಆಮೇಲೆ ಸ್ಕ್ರಮ್‌ನಲ್ಲಿ ಎರಡೂ ಕಡೆಯವರು ತಳ್ಳೋ ಹಾಗಿಲ್ಲ, ಅದು ನಿಯಮ, ಸುಮ್ಮನೆ ಒರಗಿಕೊಂಡು ನಿಲ್ಲೋದು. ನಾವು ಒಬ್ಬ ಕಡಿಮೆ ಇಟ್ಕೊಂಡು ಆಡ್ಬೇಕು. ಅದಕ್ಕೇ ಹೇಳ್ತಿರೋದು, ಬೀಳಬೇಡ ಮಾರಾಯ."

ಜೂನ್ 21, ಶನಿವಾರ

ನಮ್ಮ ತಂಡದ ಡಾಕ್ಟರ್ ಕಾಲ್ಡರ್ ಒಳ್ಳೆ ಹೆಂಗಸು. ಅವರ ಬಾಗಿಲ ಮುಂದೆ ಹೋಗಿ ನಿಂತೆ. ಅವರು ಒಂದು ಫೋನ್ ಮಾಡಿದರೆ ಟೊಂಗಾದವರು ಅಣ್ಣನನ್ನ ಸ್ಕ್ಯಾನ್‌ಗೆ ಕಳಿಸ್ತಾರೆ. ಒಂದೇ ಮಾತು. ಬಾಗಿಲು ತೆರೆದು ಏನಪ್ಪ ಅಂದರು. ಅಣ್ಣನ ಮುಖ ಕಣ್ಣಮುಂದೆ ಬಂತು. ಹಿಮ್ಮಡಿಗೆ ಪಟ್ಟಿ ಬೇಕಿತ್ತು ಅಂದೆ. ಕೊಟ್ಟರು. ಸರಿಯಾಗಿರೋ ಹಿಮ್ಮಡಿಗೆ ಪಟ್ಟಿ ಸುತ್ತಿಕೊಂಡು ಓಡಾಡ್ತಿದ್ದೀನಿ. ಥೂ ನನ್ನ ಜನ್ಮಕ್ಕೆ.

ಜೂನ್ 26, ಗುರುವಾರ

ಅಣ್ಣನ ಫೋನ್. ಸಡಿಲ ಬಿಟ್ಟರೆ ಗೊತ್ತಾಗುತ್ತೆ, ಹಾಗೇನಾದರೂ ಮಾಡಿದರೆ ಅಪ್ಪನ ಗೋರಿಗೆ ನಿನ್ನ ಜೊತೆ ಬರಲ್ಲ ಅಂದ. ಕೈ ಹೇಗಿದೆ ಅಂತ ಕೇಳಿದೆ. ಯಾವ ಕೈ ಅಂದ. ನಕ್ಕ. ನನಗೆ ನಗು ಬರಲಿಲ್ಲ.

ಜೂನ್ 28, ಶನಿವಾರ. ಬೆಳಗ್ಗೆ.

ಮೊಟ್ಟೆ ತಟ್ಟೆಯಲ್ಲೇ ಇದೆ. ಎರಡು ಸಲ ವಾಂತಿ. ಮೊದಲ ಆಟದ ದಿಗಿಲು ಅಂತ ಹುಡುಗರು ಬೆನ್ನು ತಟ್ಟಿ ಹೋಗ್ತಿದ್ದಾರೆ. ಹಾಗೇ ಅಂದುಕೊಳ್ಳಲಿ.

ದೇವರೇ, ಮ್ಯಾಡರ್ನ್‌ನ ಮೀನಖಂಡ...

ಜೂನ್ 29, ಭಾನುವಾರ. ಆಸ್ಪತ್ರೆ.

ಬರೀಲೇಬೇಕು. ಇನ್ನೊಬ್ಬರ ಹತ್ತಿರ ಹೇಳೋ ಹಾಗಿಲ್ಲ.

ನಿನ್ನೆ ಪ್ಯಾರಾಮಟಾ ಮೈದಾನ ಪೂರ್ತಿ ಟೊಂಗಾದ ಕೆಂಪು. ನಮ್ಮೂರಲ್ಲೇ ನಾವು ಪರದೇಶಿಗಳು. ಆಟಕ್ಕೆ ಮುಂಚೆ ಟೊಂಗಾದವರು ಯುದ್ಧದ ಕುಣಿತ ಕುಣಿದರು. ಅಣ್ಣ ಎದೆ ಬಡಿದುಕೊಂಡು ನೇರ ನನ್ನನ್ನೇ ನೋಡ್ತಿದ್ದ. ಅತ್ತೆ ಮೂರನೇ ಸಾಲಿನಲ್ಲಿ, ಸೊಂಟಕ್ಕೆ ನಮ್ಮ ಟೊಂಗಾದವರ ಹಬ್ಬದ ಚಾಪೆ ಸುತ್ತಿಕೊಂಡು ಕೂತಿದ್ದರು.

ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಮ್ಯಾಡರ್ನ್ ಕಾಲು ಹಿಡಿದು ಕೂತ. ಡಾಯ್ಲ್ ನನ್ನ ಭುಜ ಹಿಡಿದು ಒಳಗೆ ನೂಕಿದ. ಗೆರೆ ದಾಟಿದೆ. ಅಲ್ಲಿಗೆ ನನ್ನ ಪಾಲಿಗೆ ಟೊಂಗಾ ಮುಗೀತು.

ಮೊದಲ ಸ್ಕ್ರಮ್. ಬಗ್ಗಿ, ಹಿಡೀರಿ, ಸೇರಿ ಅಂತ ರೆಫರಿ ಕೂಗಿದ. ಅಣ್ಣನ ಕೆನ್ನೆ ನನ್ನ ಕೆನ್ನೆಗೆ ಒತ್ತಿತು. ಕೊಬ್ಬರಿ ಎಣ್ಣೆ ವಾಸನೆ. ಚಿಕ್ಕಂದಿನಲ್ಲಿ ಒಂದೇ ದಿಂಬಿನಲ್ಲಿ ಮಲಗ್ತಿದ್ದಾಗಿನ ವಾಸನೆ. "ತಳ್ಳೋ" ಅಂದ, ನಮ್ಮ ಭಾಷೇಲಿ. ತಳ್ಳಿದೆ. ನೆಟ್ಟಗೆ, ಪೂರ್ತಿ. ಅವನ ಎಡಗೈ ನನ್ನ ಬಲಪಕ್ಕೆಯ ಅಂಗಿಯನ್ನ ಉಡದ ಹಾಗೆ ಹಿಡಿದಿತ್ತು. ಎರಡನೆಯದರಲ್ಲೂ ಹಿಡಿದಿತ್ತು. ಪರವಾಗಿಲ್ಲ, ದಾಟಿಬಿಡ್ತೀವಿ ಅಂದುಕೊಂಡೆ.

ಮೂರನೆಯದು. ಭಾರ ಎಲ್ಲ ಮುಂದಕ್ಕೆ ಬಂದಾಗ ಅವನ ಬೆರಳುಗಳು ಬಿಟ್ಟವು. ಮೊದಲು ಹೆಬ್ಬೆರಳು. ಆಮೇಲೆ ಪಕ್ಕದ್ದು. ಆಮೇಲೆ ಇಡೀ ಕೈ ಕಳಚಿಕೊಂಡು ಜೋತುಬಿತ್ತು. ಅಷ್ಟು ಸಾವಿರ ಜನರಲ್ಲಿ ಅದು ಗೊತ್ತಾಗಿದ್ದು ನನಗೊಬ್ಬನಿಗೇ. ಊರಿಕೊಳ್ಳೋಕೆ ಕೈ ಇಲ್ಲ. ಅವನ ಕಡೆಯ ಏಳು ಜನ, ನಮ್ಮ ಕಡೆಯ ಎಂಟು ಜನ, ಎಲ್ಲರ ಭಾರ ಅವನ ಕತ್ತಿನ ಮೇಲೆ. ಅವನ ಬಾಯಿಂದ ಒಂದು ಸಣ್ಣ ಸದ್ದು ಬಂತು. ಹಕ್ ಅಂತ.

ನಾನು ಕೂಗಿದೆ. ಕತ್ತು, ನನ್ನ ಕತ್ತು ಅಂತ. ಕತ್ತು ಅಂತ ಯಾರು ಕೂಗಿದರೂ ಎಲ್ಲರೂ ಬಿಟ್ಟುಬಿಡ್ತಾರೆ. ಅದು ಚಿಕ್ಕಂದಿನಿಂದ ಕಲಿಸಿದ್ದು. ರೆಫರಿ ಸೀಟಿ ಊದಿದ. ನಾನು ಮಗ್ಗುಲಾಗಿ ಬಿದ್ದು ಅಲುಗಾಡದೆ ಮಲಗಿದೆ. ಡಾಕ್ಟರ್ ಕಾಲ್ಡರ್ ಓಡಿಬಂದರು. ಏನಾಗ್ತಿದೆ ಅಂದರು. ಅಣ್ಣ ನನಗೆ ಹೇಳಿದ್ದನ್ನೇ ಬಾಯಿಪಾಠ ಒಪ್ಪಿಸಿದೆ. ಕತ್ತಿಂದ ಭುಜಕ್ಕೆ ಕರೆಂಟ್, ಹೆಬ್ಬೆರಳು ಜೋಮು, ಕೈ ಇದೆಯೋ ಇಲ್ಲವೋ ತಿಳಿಯಲ್ಲ. ಅವರು ಬೆಳ್ಳಗಾದರು. ಕತ್ತಿಗೆ ಪಟ್ಟಿ ಕಟ್ಟಿ ಹೊತ್ತುಕೊಂಡು ಬಂದರು.

ಆಮೇಲೆ ಸ್ಕ್ರಮ್‌ನಲ್ಲಿ ಯಾರೂ ತಳ್ಳಲಿಲ್ಲ. ನಮ್ಮವರು ಹದಿನಾಲ್ಕೇ ಜನ ಆಡಿ, ಎರಡು ಅಂಕಕ್ಕೆ ಸೋತರು. ಅಣ್ಣ ಕೊನೆವರೆಗೂ ಮೈದಾನದಲ್ಲೇ ಇದ್ದನಂತೆ.

ಮಧ್ಯಾಹ್ನ 1

ಸ್ಕ್ಯಾನ್ ಬಂತು. ಏನೂ ಇಲ್ಲ. ಆಸ್ಪತ್ರೆ ಡಾಕ್ಟರ್ ತುಂಬ ಹೊತ್ತು ನನ್ನನ್ನೇ ನೋಡಿದರು. ಪಟ್ಟಿ ತೆಗೀಬಹುದು ಅಂದರು. ಸ್ವಲ್ಪ ಹೊತ್ತು ಇರಲಿ ಅಂದೆ.

ಡಾಯ್ಲ್ ಬಂದಿದ್ದ. ಅವನಿಗೆ ಸುದ್ದಿ ಮುಟ್ಟಿತ್ತು. ಕುರ್ಚಿಯಲ್ಲಿ ಕೂರಲೂ ಇಲ್ಲ. "ಹೆದರಿಕೊಂಡ್ನಾ ಅಂತ ಎಲ್ಲರೂ ಕೇಳ್ತಿದ್ದಾರೆ. ನಾನೇನು ಹೇಳಲಿ?"

ಹೌದು ಅಂದೆ. ಹೆದರಿದ್ದೆ.

ಟೋಪಿ ಹಾಕಿಕೊಂಡು ಹೋದ. ಇನ್ನು ಯಾವ ಅಂಗಿಯೂ ಇಲ್ಲ ನನಗೆ. ಹಳದಿಯವರು ಕರೆಯಲ್ಲ, ಕೆಂಪಿನವರು ಕರೆಯೋ ಹಾಗಿಲ್ಲ. ಫೋನ್ ಪೂರ್ತಿ ಬೈಗುಳ. ನೋಡೋಕೆ ಹೋಗಿಲ್ಲ. ನನ್ನ ಯೋಚನೆ ಅದಲ್ಲ. ಅಣ್ಣನಿಗೆ ಬರೋ ಶನಿವಾರ ಫಿಜಿ ಮೇಲೆ ಆಟ ಇದೆ. ಆ ಕಡೆ ಇರೋ ಬಲಗಡೆ ಪ್ರಾಪ್ ಅವನ ತಮ್ಮನಲ್ಲ.

3 ಗಂಟೆ

ಅತ್ತೆ ಬಂದರು. ಚರ್ಚ್‌ನಿಂದ ನೇರ. ಮಾತಿಲ್ಲ, ಡಬ್ಬಿ ಬಿಚ್ಚಿ ಬಾಯಿಗೆ ತುತ್ತಿಟ್ಟರು. ಕಿಟಕಿ ಹೊರಗೆ ಏನೋ ಸದ್ದಾಯ್ತು. ತಿರುಗಿ ನೋಡಿದೆ. ಸಲೀಸಾಗಿ ತಿರುಗಿತು, ಪಟ್ಟಿ ಸಡಿಲವಾಗಿತ್ತು. ಅತ್ತೆ ನೋಡಿಬಿಟ್ಟರು. ತುತ್ತು ಹಿಡಿದ ಕೈ ಹಾಗೇ ನಿಂತಿತು. ಇನ್ನು ಮುಚ್ಚಿಡೋಕೆ ಆಗಲಿಲ್ಲ. ಅಣ್ಣನ ಕೈ, ಟೀ ಲೋಟ, ಮೂರನೇ ಸ್ಕ್ರಮ್, ಎಲ್ಲ ಹೇಳಿಬಿಟ್ಟೆ. ಮಗುವಿನ ಹಾಗೆ ಅತ್ತುಬಿಟ್ಟೆ.

ಬಾಗಿಲಲ್ಲಿ ಹೆಜ್ಜೆ ಸದ್ದು. ಅಣ್ಣ. ಅತ್ತೆ ತಟ್ಟನೆ ಬಗ್ಗಿ ನನ್ನ ಕತ್ತಿನ ಪಟ್ಟಿಯನ್ನ ಎಳೆದು ಬಿಗಿ ಮಾಡಿದರು. ಕಿವಿಯಲ್ಲಿ, "ಇನ್ನೂ ಸ್ವಲ್ಪ ಹೊತ್ತು ನೋವಿರಲಿ" ಅಂದರು.

ಅಣ್ಣ ಮಂಚದ ಪಕ್ಕ ಮಂಡಿಯೂರಿದ. ಮುಖವೆಲ್ಲ ಊದಿಕೊಂಡಿತ್ತು. ರಾತ್ರಿಯೆಲ್ಲ ಅತ್ತಿದ್ದಾನೆ.

"ನನ್ನ ಕೈ ಬಿಟ್ಟುಹೋಯ್ತು ಕಣೋ. ನಾನು ಹಿಡ್ಕೊಳ್ಳಲಿಲ್ಲ, ಅದಕ್ಕೇ ನಿನ್ನ ಕತ್ತು ಹೀಗಾಯ್ತು. ನಾನೇ ಮಾಡಿದ್ದು."

ಇಲ್ಲಣ್ಣ ಅನ್ನೋಕೆ ಬಾಯಿ ತೆರೆದೆ. ನನಗೇನೂ ಆಗಿಲ್ಲ ಅಂದರೆ ಸಾಕು, ಎದ್ದು ನಗ್ತಾನೆ, ಹೊಟ್ಟೆಗೆ ಗುದ್ದುತ್ತಾನೆ, ಶನಿವಾರ ಫಿಜಿ ಮೇಲೆ ಇಳೀತಾನೆ. ಅತ್ತೆಯ ಕೈ ನನ್ನ ಭುಜ ಒತ್ತಿತು. ಬಾಯಿ ಮುಚ್ಚಿದೆ. ಅವನು ಅಳೋದನ್ನ ನೋಡ್ತಾ ಮಲಗಿದ್ದೆ. ಇದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

"ಏಳು," ಅಂದರು ಅತ್ತೆ. "ಈ ಮನೇಲಿ ಒಂದು ಕತ್ತು ಹೋಗಿದ್ದು ಸಾಕು. ಹೋಗಿ ನಿಂದೂ ತೋರಿಸಿಕೋ."

ಅತ್ತೆಯ ಮಾತಿಗೆ ಎದುರಿಲ್ಲ. ಎದ್ದು ಹೋದ.

ಸಂಜೆ 6

ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಲ್ಲಿ ಕೂತಿದ್ದೀವಿ. ಅಣ್ಣ ಒಳಗೆ ಹೋಗಿ ತುಂಬ ಹೊತ್ತಾಯ್ತು. ನನ್ನದಕ್ಕೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸ್ತಿದ್ದಾರೆ.

ರಾತ್ರಿ 8

ಡಾಕ್ಟರ್ ಬಂದಿದ್ದರು. ಅಣ್ಣನ ಕಡೆಯವರು ಯಾರು ಅಂತ ಕೇಳಿದರು. ಅವನು ಎದ್ದು ನಡೆಯೋ ಹಾಗಿಲ್ಲ, ತಲೆ ಕೂಡ ಎತ್ತೋ ಹಾಗಿಲ್ಲ, ಮಂಚದ ಮೇಲೇ ಆಪರೇಷನ್‌ಗೆ ಒಯ್ಯುತ್ತೇವೆ ಅಂದರು. ಕೈ ಕಾಲು ಉಳಿಯುತ್ತಾ ಅಂತ ಅತ್ತೆ ಕೇಳಿದರು. ಇವತ್ತು ಬಂದಿರೋದರಿಂದ ಉಳಿಸಬಹುದು ಅಂದರು. "ಈ ಕತ್ತಿಟ್ಟುಕೊಂಡು ನಿನ್ನೆ ಆಡಿದ್ರಾ?" ಅಂತ ಎರಡು ಸಲ ಕೇಳಿದರು.

ನನಗೆ ಉಸಿರೇ ಸಿಗಲಿಲ್ಲ. ಕತ್ತಿನ ಪಟ್ಟಿ ಕಿತ್ತು ಬೆಂಚಿನ ಮೇಲೆ ಎಸೆದೆ, ತಲೆ ಬಗ್ಗಿಸಿ ಉಸಿರೆಳೆದುಕೊಂಡೆ. ಆಗಲೇ ಬಾಗಿಲು ತೆರೆದು ಮಂಚ ತಳ್ಳಿಕೊಂಡು ಬಂದರು. ಅಣ್ಣನ ಕತ್ತಿಗೂ ಅಂಥದೇ ಪಟ್ಟಿ. ತಲೆ ಅಲುಗಾಡದ ಹಾಗೆ ಎರಡೂ ಕಡೆ ದಿಂಬು ಕಟ್ಟಿದ್ದರು. ಕಣ್ಣು ಮಾತ್ರ ತಿರುಗಿಸಿದ. ನನ್ನ ಮುಖ ನೋಡಿದ. ಆಮೇಲೆ ನನ್ನ ಬರಿಗತ್ತು.

"ಕಿಟಿ," ಅಂದ. "ನಿನ್ನ ಪಟ್ಟಿ ಎಲ್ಲೋ?"

ಎಷ್ಟು ಹೊತ್ತು ನೋಡಿದನೋ, ಅವನಿಗೆ ಎಲ್ಲ ತಿಳಿದುಹೋಯ್ತು. ಮಂಚ ಲಿಫ್ಟ್‌ವರೆಗೆ ಹೋಯ್ತು, ನಾನು ಪಕ್ಕದಲ್ಲೇ ನಡೆದೆ. ಜೋತುಬಿದ್ದಿದ್ದ ಅವನ ಎಡಗೈ ಹಿಡಿದುಕೊಂಡಿದ್ದೆ. ಲಿಫ್ಟ್ ಬಾಗಿಲು ಮುಚ್ಚೋ ಮುಂಚೆ ಆ ಬೆರಳುಗಳು ಒಂದೊಂದಾಗಿ, ಕೊನೆಗೆ ಹೆಬ್ಬೆರಳೂ, ನನ್ನ ಕೈಯನ್ನ ಹಿಡಿದುಕೊಂಡವು.