ತೆರೆಯದ ಸ್ಕ್ಯಾನ್

ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಹುಷಾರಾಗಿದ್ದಾರೆ. ನನ್ನ ಮನೆಗೆ ಬಂದವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದೆ.

ಹೊಸ ಕಟ್ಟಡದಲ್ಲಿ ತೆಗೆದ ಅವರ ತಲೆಯ ಸ್ಕ್ಯಾನ್ ಹಳೇ ಕಟ್ಟಡದ ಡಾಕ್ಟರ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ನೆಟ್‌ವರ್ಕ್ ನನ್ನ ಕೆಲಸ ತಾನೇ, ನನ್ನನ್ನೇ ಕರೆದರು. ಹಳೇ ಕಟ್ಟಡದ ರೂಟರಿನ ರೂಟಿಂಗ್ ಟೇಬಲ್ ಓದಿದೆ, ಅಂದರೆ ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ಪಟ್ಟಿ. ಅದರಲ್ಲಿ ಹೊಸ ಕಟ್ಟಡಕ್ಕೆ ದಾರಿಯೇ ಇರಲಿಲ್ಲ. ನಾನೇ ದಾರಿ ಬರೆದು ಒಂದು ಸ್ಟ್ಯಾಟಿಕ್ ರೂಟ್ ಹಾಕಿದೆ. ಹೊಸ ಕಟ್ಟಡದ ರೂಟರಿಗೂ ಉತ್ತರ ಕಳಿಸುವ ದಾರಿ ಗೊತ್ತಿರಲಿಲ್ಲ. ಅಲ್ಲೂ ಒಂದು ಹಾಕಿದ ಮೇಲೆ ಚಿತ್ರ ತೆರೆಯಿತು. ಡಾಕ್ಟರು ನೋಡಿ, "ರಕ್ತ ಹೆಪ್ಪುಗಟ್ಟಿದೆ, ಈಗ್ಲೇ ಆಪರೇಷನ್ ಮಾಡ್ಬೇಕು" ಅಂದರು.

ಆಪರೇಷನ್ ಚೆನ್ನಾಗಾಯಿತು. ಎಚ್ಚರವಾದಾಗ ಅಪ್ಪ, "ನಿಮ್ಮಮ್ಮಂಗೆ ಹೇಳ್ಬೇಡ, ಗಾಬರಿ ಬೀಳ್ತಾಳೆ" ಅಂದರು. ಅದಕ್ಕೇ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಬಿದ್ದಾಗ ಕನ್ನಡಕ ಒಡೆದಿದೆ. ಹಳೆಯದು ಮನೆಯಲ್ಲಿದ್ದರೆ ನೀನು ಬರುವಾಗ ತಾ. ಅಪ್ಪ ಕೇಳಿದರೆ, ಸುಮ್ಮನೆ ನೋಡಿಹೋಗೋಣ ಅಂತ ಬಂದೆ ಅನ್ನು.

ನಿನ್ನ ಮಗಳು